ಹೊಸ ದೇಶದ ಮೊದಲ ವರ್ಷ: ನಿಮ್ಮ ದೇಹದ ಲೆಕ್ಕ ನೀವೇ ಇಡಿ

ಮನೆ ಹಿಡಿದು, ಬ್ಯಾಂಕ್ ಖಾತೆ ತೆರೆದು, ಮಕ್ಕಳನ್ನು ಶಾಲೆಗೆ ಸೇರಿಸಿ, ಎಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಮನೆಯ ಹೆಂಗಸಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಬಾಚಿದರೆ ಕೈತುಂಬ ಕೂದಲು, ಸೀನಿದರೆ ಎರಡು ಹನಿ ಮೂತ್ರ. ಕೇಳಿದರೆ "ಹವೆ ಒಗ್ಗಿಲ್ಲ ಅಷ್ಟೇ" ಎಂಬ ಉತ್ತರ. ಹವೆಯ ತಲೆಗೆ ಕಟ್ಟುವ ಈ ತೊಂದರೆಗಳಲ್ಲಿ ಬಹಳಷ್ಟಕ್ಕೆ ಹೆಸರಿದೆ, ಪರೀಕ್ಷೆಯಿದೆ, ಪರಿಹಾರವೂ ಇದೆ. ಮುಖ ನೋಡಿದ ಕೂಡಲೇ "ಯಾಕೆ ಇಷ್ಟು ಬಿಳಿಚಿಕೊಂಡಿದ್ದೀಯ?" ಎಂದು ಕೇಳುವವರು ಹೊಸ ದೇಶದಲ್ಲಿ ಪಕ್ಕದಲ್ಲಿರುವುದಿಲ್ಲ. ಹಾಗಾಗಿ ಆ ಲೆಕ್ಕವನ್ನು ನೀವೇ ಇಡಬೇಕು.

ಮೊದಲು ಒಂದು ನೋಟ್‌ಬುಕ್

ಫೋನಿನಲ್ಲಾದರೂ ಸರಿ, ಕಾಗದದಲ್ಲಾದರೂ ಸರಿ. ಮೊದಲು ಬರೆಯಬೇಕಾದ್ದು ಮುಟ್ಟಿನ ತಾರೀಖು. ಚಕ್ರವನ್ನು ಎಣಿಸುವುದು ಸ್ರಾವ ಶುರುವಾದ ದಿನದಿಂದ ಮುಂದಿನ ಸಲ ಶುರುವಾಗುವ ಹಿಂದಿನ ದಿನದವರೆಗೆ. ಸ್ರಾವ ನಿಂತ ದಿನದಿಂದ ಎಣಿಸುವವರು ತುಂಬ ಜನ. 28 ದಿನದ ಚಕ್ರ ಅವರ ಲೆಕ್ಕದಲ್ಲಿ 23 ಆಗಿ, ಡಾಕ್ಟರ ಮುಂದೆ ಮಾತೇ ಬೇರೆ ದಾರಿ ಹಿಡಿಯುತ್ತದೆ. ದೊಡ್ಡವರಲ್ಲಿ 21ರಿಂದ 35 ದಿನದ ಚಕ್ರ ಸಾಮಾನ್ಯ. ಪ್ರಯಾಣ, ನಿದ್ದೆಗೇಡು, ಚಿಂತೆಯಿಂದ ಮೊದಲ ಒಂದೆರಡು ತಿಂಗಳು ಹಿಂದೆಮುಂದೆ ಆಗಬಹುದು, ಗಾಬರಿ ಬೇಡ. ಬಸಿರಲ್ಲ ಎಂದು ಖಚಿತವಾಗಿಯೂ ಮೂರು ತಿಂಗಳು ಮುಟ್ಟಾಗದಿದ್ದರೆ, ಅಥವಾ ಚಕ್ರ ಪದೇಪದೇ 35 ದಿನ ದಾಟುತ್ತಿದ್ದರೆ ತೋರಿಸಿ.

ತಾರೀಖಿನ ಪಕ್ಕದಲ್ಲೇ ಎಷ್ಟು ಪ್ಯಾಡ್ ಆಯಿತು, ಎಷ್ಟು ದಿನ ಹೋಯಿತು ಎಂದೂ ಗುರುತು ಹಾಕಿ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬುವುದು, 2.5 ಸೆಂ.ಮೀ.ಗಿಂತ ದೊಡ್ಡ ರಕ್ತದ ಗಡ್ಡೆ, 7 ದಿನ ದಾಟುವ ಸ್ರಾವ ಇವೆಲ್ಲ "ಹೆಚ್ಚು" ಎನ್ನುವ ಲೆಕ್ಕಕ್ಕೆ ಬರುತ್ತವೆ. "ನನಗೆ ಮೊದಲಿಂದಲೂ ಹೀಗೇ" ಎನ್ನುವುದು ಸುಮ್ಮನಿರಲು ಕಾರಣವಲ್ಲ. ಮೊದಲಿಂದಲೂ ರಕ್ತ ಹೆಚ್ಚು ಹೋಗುತ್ತಿದೆ ಎಂದಷ್ಟೇ ಅದರ ಅರ್ಥ.

ಎರಡನೆಯದು, ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಕಂಪನಿ ಇಟ್ಟ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಳಗಿನ ಮದ್ದಿನ ಹೆಸರು ಹೆಚ್ಚಾಗಿ ಬದಲಾಗುವುದಿಲ್ಲ. "ಥೈರಾಯ್ಡ್ ಮಾತ್ರೆ, ಬಿಳಿ ಬಣ್ಣದ್ದು" ಎಂದರೆ ಯಾರಿಗೂ ಗೊತ್ತಾಗದು. "ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ, ದಿನಕ್ಕೊಂದು" ಎಂದು ಬರೆದುಕೊಳ್ಳಿ. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ಒಂದಿರಲಿ. ಗರ್ಭನಿರೋಧಕ ಮಾತ್ರೆಯನ್ನು ಇಲ್ಲಿ ಹೊಸದಾಗಿ ಬರೆಸಿಕೊಳ್ಳುವಾಗ, ಅರೆತಲೆನೋವಿಗೆ ಮುಂಚೆ ಕಣ್ಣೆದುರು ಮಿಂಚು ಅಥವಾ ಅಂಕುಡೊಂಕು ಗೆರೆ ಕಾಣುತ್ತಿದ್ದರೆ ಅದನ್ನು ಹೇಳದೆ ಬಿಡಬೇಡಿ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಮಾತ್ರೆ ಅಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಈಸ್ಟ್ರೋಜನ್ ಇಲ್ಲದ ಬೇರೆ ದಾರಿಗಳಿವೆ.

ಮೂರನೆಯದು, ಹಳೆಯ ರಕ್ತಪರೀಕ್ಷೆಯ ಅಂಕಿಗಳು, ಅಳತೆಯ ಮಾನದ ಸಮೇತ. ಹೊಸಬರನ್ನು ಇಲ್ಲಿ ಅಂಕಿಗಳೇ ಹೆದರಿಸುತ್ತವೆ. ಹಿಮೋಗ್ಲೋಬಿನ್ 118 ಎಂದು ಬಂದರೆ ಅದು ಲೀಟರಿಗೆ ಗ್ರಾಂ ಲೆಕ್ಕ. 10ರಿಂದ ಭಾಗಿಸಿದರೆ ನೀವು ಬಲ್ಲ 11.8. ಸಕ್ಕರೆ 5.6 ಎಂದಿದ್ದರೆ ಅದು ಮಿಲಿಮೋಲ್; 18ರಿಂದ ಗುಣಿಸಿದರೆ ಸುಮಾರು 100. ವಿಟಮಿನ್ ಡಿ 50 ನ್ಯಾನೋಮೋಲ್ ಎಂದಿದ್ದರೆ 2.5ರಿಂದ ಭಾಗಿಸಿ, 20 ನ್ಯಾನೋಗ್ರಾಂ. ಹಳೆಯ ವರದಿಯನ್ನೂ ಹೊಸದನ್ನೂ ಮಾನ ನೋಡದೆ ಹೋಲಿಸಿ, ಚೆನ್ನಾಗಿರುವುದನ್ನು ಕೆಟ್ಟಿದೆ ಎಂದೂ, ಕೆಟ್ಟಿರುವುದನ್ನು ಚೆನ್ನಾಗಿದೆ ಎಂದೂ ತಿಳಿಯುವುದು ಸುಲಭ.

ಕಬ್ಬಿಣಾಂಶ: ಅರ್ಧ ಸುಸ್ತಿನ ಮೂಲ

ತಿಂಗಳು ತಿಂಗಳು ರಕ್ತ ಹೋಗುವ ವಯಸ್ಸಿನಲ್ಲಿ ಹೆಂಗಸಿಗೆ ದಿನಕ್ಕೆ ಸುಮಾರು 18 ಮಿ.ಗ್ರಾಂ. ಕಬ್ಬಿಣಾಂಶ ಬೇಕು ಎಂಬುದು ಅಮೆರಿಕದ ಲೆಕ್ಕ. ಮುಟ್ಟು ನಿಂತ ಮೇಲೆ 8 ಸಾಕು, ಬಸಿರಿನಲ್ಲಿ 27. ಬಸುರಿಯಲ್ಲದ ಹೆಂಗಸಿನ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಹಿಮೋಗ್ಲೋಬಿನ್ ಕೊನೆಗೆ ಇಳಿಯುವಂಥದ್ದು. ಅದಕ್ಕೂ ಮುಂಚೆ ದೇಹದ ಉಗ್ರಾಣ ಖಾಲಿಯಾಗಿರುತ್ತದೆ. ಉಗ್ರಾಣದ ಅಳತೆಯೇ ಫೆರಿಟಿನ್. ಸುಸ್ತು, ಏದುಸಿರು, ಉಗುರು ಮುರಿಯುವುದು, ಮಂಜುಗಡ್ಡೆ ಅಥವಾ ಮಣ್ಣು ತಿನ್ನಬೇಕೆನಿಸುವುದು ಇದ್ದರೆ "ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಗುಣವಾದ ಮೇಲೆ ಮಾಡಿಸಿ.

ಸೊಪ್ಪು, ಬೇಳೆಕಾಳಿನ ಕಬ್ಬಿಣಾಂಶ ಮಾಂಸದ್ದಕ್ಕಿಂತ ಕಡಿಮೆ ಹೀರಲ್ಪಡುತ್ತದೆ. ಅದೇ ಊಟಕ್ಕೆ ನಿಂಬೆರಸ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಇಳಿಯುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆಯ ಅಂತರ ಕೊಡಿ. ನಮ್ಮ ಪ್ರಕಾರ ಈ ಬರಹದ ಅತಿ ಸುಲಭದ ಸಲಹೆ ಇದು, ರೂಢಿಸಿಕೊಳ್ಳಲು ಅತಿ ಕಷ್ಟದ್ದೂ ಇದೇ.

ಮಾತ್ರೆ ಬರೆದುಕೊಟ್ಟರೆ ದಿನಕ್ಕೆ ಒಂದೇ ಹೊತ್ತು, ಆದರೆ ಖಾಲಿಹೊಟ್ಟೆಯಲ್ಲಿ; ಹಾಲು, ಟೀ, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ. ಮಲ ಕಪ್ಪಾಗುತ್ತದೆ, ಅದು ಸಹಜ. ಮಲಬದ್ಧತೆ, ಓಕರಿಕೆ ಬಂದು ಮೂರನೇ ದಿನಕ್ಕೇ ನಿಲ್ಲಿಸುವವರು ಬಹಳ. ನಿಲ್ಲಿಸುವ ಬದಲು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ; ಹಾಗೆ ತೆಗೆದುಕೊಂಡರೂ ದೇಹ ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಮದ್ದು ಹಿಡಿದಿದ್ದರೆ 3-4 ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಅಥವಾ ಹೀರುತ್ತಿಲ್ಲ, ಅಥವಾ ರಕ್ತ ಎಲ್ಲೋ ಸೋರುತ್ತಲೇ ಇದೆ. ಅಂಕಿ ಸರಿಯಾಯಿತೆಂದು ಅಲ್ಲಿಗೇ ಬಿಡದೆ ಇನ್ನೂ 3 ತಿಂಗಳು ಮುಂದುವರಿಸಬೇಕು, ಉಗ್ರಾಣ ತುಂಬಲು ಅಷ್ಟು ಬೇಕು.

ಥೈರಾಯ್ಡ್ ಮಾತ್ರೆಯವರು ಗಮನಿಸಿ: ಲೆವೊಥೈರಾಕ್ಸಿನ್‌ಗೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ 4 ಗಂಟೆ ಅಂತರ ಬೇಕು. ಎಲ್ಲ ಮಾತ್ರೆ ಬೆಳಗ್ಗೆ ಒಂದೇ ಗುಟುಕಿಗೆ ನುಂಗಿದರೆ ಥೈರಾಯ್ಡ್ ಅಂಕಿ ಕೆಡುತ್ತದೆ, ಕಾರಣ ಗೊತ್ತಾಗದೆ ಮಾತ್ರೆಯ ಪ್ರಮಾಣ ಏರಿಸಲಾಗುತ್ತದೆ.

ಬಿಸಿಲು, ಎಲುಬು, ಬಿ12

ಸಮಭಾಜಕದಿಂದ ದೂರದ ದೇಶಗಳಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮ ವಿಟಮಿನ್ ಡಿ ತಯಾರಿಸಲಾರದು. ಕಿಟಕಿಯ ಗಾಜಿನ ಹಿಂದೆ ಕೂತರೆ ಬೇಸಿಗೆಯಲ್ಲೂ ಪ್ರಯೋಜನವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಕಂದು ಚರ್ಮಕ್ಕೆ ಹೆಚ್ಚು ಹೊತ್ತು ಬಿಸಿಲು ಬೇಕು. ದಿನಕ್ಕೆ 400ರಿಂದ 600 ಯೂನಿಟ್ ಮಾತ್ರೆ ಹೆಚ್ಚಿನವರಿಗೆ ಸಾಕು, ಜಿಡ್ಡಿನಂಶ ಇರುವ ಊಟದ ಜೊತೆ ತೆಗೆದುಕೊಳ್ಳಿ. ಡಾಕ್ಟರ್ ಹೇಳದೆ ದಿನಕ್ಕೆ 4,000 ಯೂನಿಟ್ ದಾಟಬೇಡಿ. ಅಂಗಡಿಯಲ್ಲಿ ಭಾರೀ ಪ್ರಮಾಣದವೂ ಸಿಗುತ್ತವೆ, ಡಬ್ಬಿಯ ಮೇಲಿನ ಅಂಕಿ ಓದಿ. ಮೈಕ್ರೋಗ್ರಾಂನಲ್ಲಿ ಬರೆದಿದ್ದರೆ 40ರಿಂದ ಗುಣಿಸಿದರೆ ಯೂನಿಟ್ ಸಿಗುತ್ತದೆ.

ಕ್ಯಾಲ್ಸಿಯಂ 50ರ ಒಳಗೆ ದಿನಕ್ಕೆ 1,000 ಮಿ.ಗ್ರಾಂ., ಆಮೇಲೆ 1,200. ಒಂದು ದೊಡ್ಡ ಲೋಟ, ಅಂದರೆ 250 ಮಿ.ಲೀ. ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ. ಇರುತ್ತದೆ. ಬಾದಾಮಿ, ಓಟ್ಸ್, ಸೋಯಾ ಹಾಲು ಕುಡಿಯುವವರು ಕ್ಯಾಲ್ಸಿಯಂ ಸೇರಿಸಿದ್ದನ್ನೇ ಕೊಳ್ಳಿ, ಪ್ರತಿ ಸಲ ಡಬ್ಬಿ ಚೆನ್ನಾಗಿ ಕುಲುಕಿ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ. ಸಸ್ಯಾಹಾರಿಗಳು, ಅದರಲ್ಲೂ ಸಕ್ಕರೆ ಕಾಯಿಲೆಯ ಮದ್ದಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಬಿ12 ಪರೀಕ್ಷೆ ಮಾಡಿಸಲೇಬೇಕು. ಕೈಕಾಲು ಜುಮುಗುಟ್ಟುವುದು ಅದರ ಕೊರತೆಯ ಸೂಚನೆ. ಮಗು ಬೇಕೆನ್ನುವವರು ಬಸಿರಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಶುರುಮಾಡಿ 12ನೇ ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಪ್ರಮಾಣ ಹೆಚ್ಚು ಬೇಕಾಗಬಹುದು, ಮೊದಲೇ ಕೇಳಿ.

ಸೀನಿದರೆ ಸೋರುವುದು

ಹೆರಿಗೆಯ ನಂತರ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದು ತೀರಾ ಸಾಮಾನ್ಯ. ಆದರೆ ಸಹಿಸಿಕೊಂಡೇ ಇರಬೇಕಾದ್ದಲ್ಲ. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯು ಸಡಿಲವಾಗಿರುತ್ತದೆ. ಅದಕ್ಕೊಂದು ವ್ಯಾಯಾಮವಿದೆ, ಎಲ್ಲಿ ಕೂತಾದರೂ ಮಾಡಬಹುದು, ನೋಡುವವರಿಗೆ ತಿಳಿಯುವುದೂ ಇಲ್ಲ.

ಕುರ್ಚಿಯಲ್ಲಿ ಕೂತು, ಗಾಳಿ ಹೋಗದಂತೆ ಹಿಂದೆ ಬಿಗಿಹಿಡಿಯಿರಿ, ಅದನ್ನೇ ಮುಂದಕ್ಕೆ ತಂದು ಮೂತ್ರ ತಡೆದಂತೆ ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಸರಾಗವಾಗಿ ಆಡುತ್ತಿರಲಿ. ಮೊದಲ ವಾರ 3-4 ಸೆಕೆಂಡ್ ಹಿಡಿಯಲಾದರೂ ಸಾಕು, ಬರಬರುತ್ತ 10 ಸೆಕೆಂಡಿಗೆ ತನ್ನಿ. ಬಿಟ್ಟ ಮೇಲೆ ಅಷ್ಟೇ ಹೊತ್ತು ಪೂರ್ತಿ ಸಡಿಲಿಸಿ. ಹೀಗೆ 8ರಿಂದ 10 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಎರಡು ವಾರ ಮಾಡಿ "ಏನೂ ಆಗಲಿಲ್ಲ" ಎಂದು ಬಿಡುವುದರಿಂದಲೇ ಇದು ಹೆಚ್ಚಿನವರಲ್ಲಿ ಸೋಲುತ್ತದೆ. ಉಳಿದ ತಪ್ಪುಗಳು: ಉಸಿರು ಕಟ್ಟುವುದು, ಕುಂಡಿ ಮತ್ತು ತೊಡೆ ಬಿಗಿಯುವುದು, ಮೇಲೆಳೆಯುವ ಬದಲು ಕೆಳಕ್ಕೆ ತಿಣುಕುವುದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕಿಗೆ ದಾರಿಯಾಗುತ್ತದೆ. ಸೀನು, ಕೆಮ್ಮು ಬರುವ ಮುಂಚೆ, ಭಾರ ಎತ್ತುವ ಮುಂಚೆ ಒಮ್ಮೆ ಬಿಗಿದುಕೊಳ್ಳುವುದು ಮೈಗೂಡಲಿ. ಮೂರು ತಿಂಗಳಾದರೂ ಹಾಗೇ ಇದ್ದರೆ, ಅಥವಾ ಯೋನಿಯಲ್ಲಿ ಏನೋ ಕೆಳಗೆ ಜಾರಿದಂತೆ ಅನಿಸಿದರೆ, ಇದಕ್ಕೆಂದೇ ತರಬೇತಾದ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ, ಕೇಳಿ ಪಡೆಯಿರಿ.

ಹೊರಗೆ ಹೋಗುವ ಮುನ್ನ "ಇರಲಿ" ಎಂದು ಪ್ರತಿ ಸಲ ಮೂತ್ರಕ್ಕೆ ಹೋಗುವುದೂ ಒಳ್ಳೆಯದಲ್ಲ. ಸ್ವಲ್ಪ ತುಂಬಿದರೂ ಅವಸರ ಮಾಡುವ ಚಾಳಿ ಮೂತ್ರಕೋಶಕ್ಕೆ ಹತ್ತುತ್ತದೆ. ಕೆಲಸದ ಜಾಗದಲ್ಲಿ ಶೌಚಾಲಯಕ್ಕೆ ಹೋಗಲು ಹಿಂಜರಿದು ನೀರೇ ಕುಡಿಯದಿರುವುದು ಇನ್ನೂ ಕೆಟ್ಟದ್ದು, ಉರಿಮೂತ್ರಕ್ಕೆ ಆಹ್ವಾನ. ಒರೆಸುವುದು ಮುಂದಿನಿಂದ ಹಿಂದಕ್ಕೆ, ಕೂಡಿದ ಮೇಲೆ ಮೂತ್ರ ಮಾಡುವುದು, ಇವೆರಡು ಸಾಕು. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಒಳಗೆ ಸೋಪು, ಸುವಾಸನೆಯ ದ್ರವ ಹಾಕಿದರೆ ಅಲ್ಲಿನ ಆಮ್ಲೀಯತೆ ಕೆಟ್ಟು ತುರಿಕೆ, ವಾಸನೆ ಶುರುವಾಗುತ್ತದೆ. ಉರಿಮೂತ್ರದ ಜೊತೆ ಚಳಿಜ್ವರ, ಪಕ್ಕೆನೋವು ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅದೇ ದಿನ ತೋರಿಸಿ.

ಸೊಂಟದ ಸುತ್ತಳತೆ ಮತ್ತು ನಡಿಗೆ

ತೂಕಕ್ಕಿಂತ ಸೊಂಟದ ಅಳತೆ ನಮ್ಮವರಿಗೆ ಹೆಚ್ಚು ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ ಟೇಪು ಹಿಡಿಯಿರಿ. ದಕ್ಷಿಣ ಏಷ್ಯಾದ ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ, ಏಕೆಂದರೆ ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ ಬರುತ್ತದೆ. ಬಸಿರಿನಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾಗಿ 4ರಿಂದ 12 ವಾರದೊಳಗೆ ಒಮ್ಮೆ, ಆಮೇಲೂ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ದೇಶ ಬದಲಿಸುವಾಗ ಕಡತದಿಂದ ಮೊದಲು ಕಳೆದುಹೋಗುವ ಸಂಗತಿಯೇ ಇದು. ಕೇಳದಿದ್ದರೂ ನೀವೇ ಹೇಳಿ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ: ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಕೊಡಿ: ಕುರ್ಚಿಯಿಂದ ಕೈ ಊರದೆ 10 ಸಲ ಏಳುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು. ಮುಟ್ಟು ನಿಂತ ಮೇಲೆ ಎಲುಬು ಸವೆಯುವ ವೇಗ ಹೆಚ್ಚುತ್ತದೆ, ನಡಿಗೆಯೊಂದೇ ಅದಕ್ಕೆ ಸಾಲದು.

ಡಾಕ್ಟರ ಹತ್ತಿರ ಹೋಗುವಾಗ

ಆರೋಗ್ಯವಾಗಿರುವಾಗಲೇ ಒಬ್ಬ ಡಾಕ್ಟರಲ್ಲಿ ಹೆಸರು ನೋಂದಾಯಿಸಿ. ಗರ್ಭಕಂಠದ ಕ್ಯಾನ್ಸರಿನ ತಪಾಸಣೆ, ವಯಸ್ಸಾದಾಗ ಸ್ತನದ ಮ್ಯಾಮೊಗ್ರಾಂ (ಎಕ್ಸ್‌ರೇ), ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸಿನ ವಿರುದ್ಧದ ಎಚ್‌ಪಿವಿ ಲಸಿಕೆ ಯಾವ ವಯಸ್ಸಿಗೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ನೋಂದಣಿಯ ದಿನವೇ ಕೇಳಿ ತಾರೀಖು ಬರೆದುಕೊಳ್ಳಿ. ತಪಾಸಣೆ ಕೆಲವೇ ನಿಮಿಷದ್ದು. ತೊಂದರೆ ಕಾಣದವರಿಗಾಗಿಯೇ ಇರುವುದು ಅದು, ಕಂಡವರು ಕಾಯದೆ ಹೋಗಬೇಕು: ಕೂಡಿದ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿಯಾದರೂ ರಕ್ತ, ಸ್ತನದಲ್ಲಿ ಹೊಸ ಗಂಟು ಅಥವಾ ಚರ್ಮ ಕುಗ್ಗಿದ ಗುರುತು.

ಸಮಯ ಗೊತ್ತುಮಾಡುವಾಗಲೇ ಎರಡು ವಿಷಯ ಕೇಳಬಹುದು: ಹೆಣ್ಣು ಡಾಕ್ಟರ್ ಬೇಕು, ಭಾಷಾಂತರಕಾರರು ಬೇಕು. ಅನೇಕ ದೇಶಗಳಲ್ಲಿ ಆಸ್ಪತ್ರೆಯವರೇ ಫೋನಿನಲ್ಲಿ ಭಾಷಾಂತರಕಾರರನ್ನು ಕೊಡಿಸುತ್ತಾರೆ. ಮಕ್ಕಳನ್ನು ಭಾಷಾಂತರಕ್ಕೆ ಕೂರಿಸಬೇಡಿ. ಬಿಳುಪು ಹೋಗುವ ಮಾತನ್ನು ಹತ್ತು ವರ್ಷದ ಮಗನ ಮುಂದೆ ಯಾವ ತಾಯಿಯೂ ಪೂರ್ತಿ ಹೇಳಲಾರಳು. ಗಂಡ ಜೊತೆಗಿದ್ದರೂ ಐದು ನಿಮಿಷ ಒಬ್ಬರೇ ಮಾತಾಡಬೇಕೆಂದು ಕೇಳುವ ಹಕ್ಕು ನಿಮಗಿದೆ.

ಮನಸ್ಸಿನ ವಿಷಯವನ್ನೂ ಅಲ್ಲೇ ಹೇಳಿ. ಎರಡು ವಾರ ದಾಟಿಯೂ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಮಗು ಮಲಗಿದ್ದರೂ ತನಗೆ ನಿದ್ದೆ ಬಾರದಿರುವುದು ಚಿಕಿತ್ಸೆಯಿರುವ ಕಾಯಿಲೆಯ ಸೂಚನೆ, ಬಾಣಂತಿಯರಲ್ಲಂತೂ ಕಾಯಬಾರದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆ ಬಂದರೆ ಅದೇ ಗಳಿಗೆ ತುರ್ತು ಸಂಖ್ಯೆಗೆ ಕರೆ ಮಾಡಿ. ಆ ಸಂಖ್ಯೆ ದೇಶಕ್ಕೊಂದು. ಇವತ್ತೇ ವಿಚಾರಿಸಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಮನೆಯ ವಿಳಾಸದ ಜೊತೆಗೆ, ದೊಡ್ಡ ಅಕ್ಷರದಲ್ಲಿ ಬರೆದಿಡಿ.