ಹದಿನೈದು ವರ್ಷದ ದಿನಚರಿಯನ್ನು ಹೊಸ ತಾಣಕ್ಕೆ ಸಾಗಿಸಿದ ನನ್ನ ಅನುಭವ

ಮೂರು ತಿಂಗಳಲ್ಲಿ ಬಾಗಿಲು ಹಾಕುತ್ತೇವೆ, ನಿಮ್ಮ ಬರಹ ನೀವು ತೆಗೆದುಕೊಳ್ಳಿ ಎಂದು ಹಳೆಯ ತಾಣದವರು ಇ-ಮೇಲ್ ಕಳಿಸಿದಾಗ ಅದರಲ್ಲಿ ನನ್ನ ಸುಮಾರು 1,900 ದಿನಗಳ ದಿನಚರಿ ಇತ್ತು. ಮಳೆಯ ಅಳತೆ, ತೋಟದ ಕೆಲಸ, ಕೂಲಿಯ ಲೆಕ್ಕ, ಮನೆಗೆ ಬಂದುಹೋದವರು, ಎರಡು ಸಾವಿರದಷ್ಟು ಚಿತ್ರಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ, "ಮಾವ, ತಾರೀಖಿನ ಸಮೇತ ಸಾಗಿಸುವುದು ಆಗದ ಮಾತು. ಪಿಡಿಎಫ್ ಮಾಡಿ ಇಟ್ಟುಕೊಂಡುಬಿಡಿ" ಎಂದ. ಜಾಲತಾಣ ಮಾಡಿಕೊಡುವವರೊಬ್ಬರು 25 ಸಾವಿರ ಕೇಳಿದರು, ಅದೂ ಚಿತ್ರಗಳನ್ನು ಬಿಟ್ಟು. ಕೊಪ್ಪದ ನಮ್ಮ ಮನೆಯಲ್ಲೇ ಕುಳಿತು, ಏಳು ಸಾವಿರದೊಳಗೆ, ಒಂದು ದಿನವೂ ತಪ್ಪದಂತೆ ನಾನೇ ಸಾಗಿಸಿದೆ.

ಸ್ವಂತ ಡೊಮೇನ್, ಅಂದರೆ ಜಾಲದಲ್ಲಿ ನನ್ನದೇ ವಿಳಾಸ, ಅದರ ಮೇಲೆ ಬರಹಗಳನ್ನು ತಾಣವಾಗಿ ತೋರಿಸುವ ವರ್ಡ್‌ಪ್ರೆಸ್ ತಂತ್ರಾಂಶ. ಅದನ್ನು ಹಾಕುವುದು ಹೇಗೆಂದು ಇಲ್ಲಿ ಹೇಳುವುದಿಲ್ಲ. ನಾನು ಎಡವಿದ್ದು ಅದರ ಮುಂದಿನದರಲ್ಲಿ.

ಮೊದಲು ಅಗ್ಗದ ಹೋಸ್ಟಿಂಗ್ (ತಾಣ ಇಡಲು ಸರ್ವರಿನಲ್ಲಿ ಬಾಡಿಗೆ ಜಾಗ) ಹಿಡಿದೆ, ವರ್ಷಕ್ಕೆ 1,400 ರೂಪಾಯಿ. ಹಳೆಯ ತಾಣದಿಂದ ಇಳಿಸಿಕೊಂಡ, ಎಲ್ಲ ಬರಹಗಳಿದ್ದ ನನ್ನ ಕಡತ ಹನ್ನೊಂದು ಎಂಬಿ, ಅಲ್ಲಿ ಒಮ್ಮೆಗೆ ಏರಿಸಲು ಬಿಡುತ್ತಿದ್ದದ್ದು ಎರಡೇ ಎಂಬಿ. ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲಾಕ್ಷರ, ಗುಡಿಸು, ಅರ್ಧಾಕ್ಷರದ ಗುರುತು ಒಂದೊಂದೂ ಬೇರೆ ಸಂಕೇತ) ಮೂರು ಬೈಟ್ ಬೇಕಾಗುವುದರಿಂದ ನಮ್ಮ ಕಡತಗಳು ಬೇಗ ಉಬ್ಬುತ್ತವೆ. ವರ್ಷಕ್ಕೊಂದರಂತೆ ಕತ್ತರಿಸಿದೆ. ಪ್ರತಿ ತುಂಡಿಗೂ ಮೂಲ ಕಡತದ ತಲೆಯನ್ನೂ ಬಾಲವನ್ನೂ ಅಂಟಿಸಬೇಕು, ಇಲ್ಲದಿದ್ದರೆ ಒಳಗೆ ಸೇರುವುದಿಲ್ಲ. ಆದರೂ ನಡುವೆ ನಡುವೆ ಸರ್ವರ್ ನಿಂತುಹೋಗುತ್ತಿತ್ತು. ನಾಲ್ಕು ರಾತ್ರಿ ಹೀಗೇ ಕಳೆದು, ಆ ದುಡ್ಡು ಹೋದರೆ ಹೋಗಲಿ ಎಂದು ಬೇರೆ ಕಡೆ 3,600 ಕೊಟ್ಟೆ. ಡೊಮೇನಿಗೆ ಒಂಬೈನೂರು ಚಿಲ್ಲರೆ, ಪೆನ್‌ಡ್ರೈವಿಗೆ ಆರುನೂರು. ನನಗೆ ನೆನಪಿರುವ ಖರ್ಚು ಇಷ್ಟೇ.

ಎರಡನೆಯ ಸಲ ಎಲ್ಲವೂ ಸಲೀಸಾಗಿ ಬಂತು. ಸಂತೋಷದಿಂದ ಹಳೆಯ ಪುಟಗಳನ್ನು ಓದುತ್ತಾ ಹೋದೆ. "ಇಂದು ನಾಗರಪಂಚಮಿ. ರಾತ್ರಿಯಿಡೀ ಗಾಳಿ, ಕರೆಂಟ್ ಇಲ್ಲ" ಎಂಬ ಬರಹದ ಮೇಲೆ 2019ರ ಆಗಸ್ಟ್ 4, ಭಾನುವಾರ ಎಂದಿತ್ತು. ಆ ವರ್ಷ ನಾಗರಪಂಚಮಿ ಬಿದ್ದದ್ದು 5ನೆಯ ತಾರೀಖು, ಸೋಮವಾರ. ನಾನು ಬರೆಯುವುದು ಬೆಳಗಿನ ಜಾವ ನಾಲ್ಕೂಮುಕ್ಕಾಲರ ಹೊತ್ತಿಗೆ. ಕಡತದಲ್ಲಿ ಸಮಯ ಗ್ರೀನ್‌ವಿಚ್ ಲೆಕ್ಕದಲ್ಲಿತ್ತು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಐದೂವರೆಗೆ ಮೊದಲು ಬರೆದದ್ದೆಲ್ಲ ಹಿಂದಿನ ದಿನಕ್ಕೆ ಜಾರಿತ್ತು. ಮಳೆಯ ಲೆಕ್ಕ ಇಡುವವನಿಗೆ ಒಂದು ದಿನ ಆಚೀಚೆಯಾದರೆ ಇಡೀ ವರ್ಷದ ಪಟ್ಟಿ ಹಾಳು. ಎಲ್ಲವನ್ನೂ ಅಳಿಸಿ, ಹೊಸ ತಾಣದ ಸಮಯವಲಯವನ್ನು ಮೊದಲು ಕೋಲ್ಕತ್ತಾಕ್ಕೆ (ಭಾರತದ ಸಮಯಕ್ಕೆ ಅಲ್ಲಿರುವ ಹೆಸರು) ಇಟ್ಟು, ಮತ್ತೆ ಏರಿಸಿದೆ. ಸೆಟ್ಟಿಂಗ್ ಮೊದಲು, ಕಡತ ಆಮೇಲೆ.

ಕೊಂಡಿಗಳದ್ದು ಇನ್ನೊಂದು ತಲೆನೋವು. ಕನ್ನಡದ ಒಂದು ಸಂಕೇತ ವಿಳಾಸದೊಳಗೆ ಹೋದರೆ ಒಂಬತ್ತು ಅಕ್ಷರವಾಗುತ್ತದೆ, ಮೂರು ಸಂಕೇತಗಳ 'ಕ್ಷ' ಒಂದಕ್ಕೇ 27. ಶೀರ್ಷಿಕೆಯಿಂದಲೇ ಆಗುವ ಕೊಂಡಿಗೆ ವರ್ಡ್‌ಪ್ರೆಸ್ಸಿನಲ್ಲಿರುವ ಜಾಗ 200 ಅಕ್ಷರ. "ಆಶ್ಲೇಷ ಮಳೆಯಲ್ಲಿ ಕೊಳೆ ಔಷಧಿ ಹೊಡೆದದ್ದು" ಎಂಬ ನನ್ನ ಶೀರ್ಷಿಕೆಯ ಕೊಂಡಿ 'ಔಷಧ' ಎನ್ನುವಲ್ಲಿಗೆ, ಗುಡಿಸು ಇಲ್ಲದೆ, ತುಂಡಾಗಿತ್ತು. ಆಶ್ಲೇಷದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಪ್ರತಿವರ್ಷದ ಕೆಲಸ, ಹಾಗಾಗಿ ಒಂದೇ ಕೊಂಡಿಗೆ 2, 3, 4 ಎಂದು ಬಾಲ ಹತ್ತಿಕೊಂಡಿತ್ತು. ಶೀರ್ಷಿಕೆಯನ್ನು ಕೊಂಡಿಯಿಂದ ತೆಗೆದುಹಾಕಿ ಬರೀ ತಾರೀಖಿನ ಅಂಕಿ ಇಟ್ಟೆ. ದಿನಚರಿಗೆ ಅದಕ್ಕಿಂತ ಒಳ್ಳೆಯ ವಿಳಾಸವಿಲ್ಲ. ನನ್ನ ಬರಹಗಳ ಒಳಗಿದ್ದ ಹಳೆಯ ಕೊಂಡಿ ಒತ್ತಿದವರು ಹೊಸ ಪುಟಕ್ಕೇ ಬರುವಂತೆ ಮಾಡಿದ್ದೇನೆ. ಅದು ಹೇಗೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಚಿತ್ರಗಳ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಕಡತದಲ್ಲಿ ಬರುವುದು ಚಿತ್ರದ ಕೊಂಡಿ ಮಾತ್ರ, ಚಿತ್ರ ಹಳೆಯ ಸರ್ವರಿನಲ್ಲೇ ಇರುತ್ತದೆ. ಹೊಸ ಪುಟದಲ್ಲಿ ಚಿತ್ರ ಕಾಣುತ್ತಿದೆಯೆಂದು ಹಳೆಯ ಖಾತೆ ಮುಚ್ಚಿದರೆ ಎಲ್ಲವೂ ಖಾಲಿ ಚೌಕ. ನಾನು ಇಳಿಸಿಕೊಂಡ ಮೊದಲ ಇನ್ನೂರು ಚಿತ್ರಗಳು ಅಂಚೆಚೀಟಿಯಷ್ಟೇ ಇದ್ದವು. ಕೊಂಡಿಯೊಳಗೆ ಚಿತ್ರದ ಅಳತೆಯ ಅಂಕಿಯೊಂದಿತ್ತು, ಅದನ್ನು ದೊಡ್ಡದು ಮಾಡಿದಾಗ ಮೂಲ ಚಿತ್ರವೇ ಸಿಕ್ಕಿತು. ಮತ್ತೆ ಎರಡು ವಾರ ಹಿಡಿಯಿತು.

ಇದೇ ಹುರುಪಿನಲ್ಲಿ, ತಾಣಕ್ಕೆ ಬರುವ ಮೊದಲು ಕಂಪ್ಯೂಟರಿನಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟಿದ್ದ ಮುನ್ನೂರು ಪುಟಗಳನ್ನೂ, ಈಗ ಎಲ್ಲೆಡೆ ಓದಲಾಗುವ ಯೂನಿಕೋಡಿಗೆ ತಂದೆ. ಪರಿವರ್ತಕ ಮುಕ್ಕಾಲು ಪಾಲು ಕೆಲಸ ಮಾಡಿತು. ಅರ್ಕಾವತ್ತು ಬಂದಲ್ಲೆಲ್ಲ ಅಕ್ಷರ ಹಿಂದುಮುಂದು, ನಡುವೆ ಇಂಗ್ಲಿಷಿನಲ್ಲಿ ಟೈಪಿಸಿದ ಔಷಧಿಯ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ, ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಗೊತ್ತಿದ್ದುದರಿಂದ ಆ ಸಾಲು ಏನೆಂದು ಗುರುತಿಸಿದೆ, ಉಳಿದವಕ್ಕೆ ಹಳೆಯ ಅಂಗಡಿ ಚೀಟಿಗಳನ್ನು ಹುಡುಕಬೇಕಾಯಿತು. ಕೊನೆಗೆ ಹುಡುಕಿ ಬದಲಿಸುವ ಅರವತ್ತು ಸಾಲಿನ ಪಟ್ಟಿಯೊಂದನ್ನು ಮಾಡಿಕೊಂಡೆ. ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ. ಕ್ರಮ ತಪ್ಪಿದರೆ ಸರಿಯಿದ್ದ ಪದವೂ ಕೆಡುತ್ತದೆ. ಆ ಪಟ್ಟಿ ಹಿಡಿದು ಇಬ್ಬರು ಗೆಳೆಯರ ದಿನಚರಿಯನ್ನೂ ಸಾಗಿಸಿಕೊಟ್ಟಿದ್ದೇನೆ. ಅಕ್ಕನ ಮಗ ಈಗ ತನ್ನ ಕಚೇರಿಯವರೊಬ್ಬರಿಗಾಗಿ ಅದನ್ನು ಕೇಳುತ್ತಿದ್ದಾನೆ.

ಈಗ ಅಪ್ಪ ದಿನಚರಿ ಬರೆದಿಟ್ಟ ರೂಲ್ ಪುಸ್ತಕಗಳು ಉಳಿದಿವೆ. ಮೊಬೈಲಿಗೆ ಓದಿ ಹೇಳಿ ಬರೆಸುವ ಪ್ರಯೋಗ ಮಾಡಿದೆ. ಸಾದಾ ವಾಕ್ಯಗಳು ಚೆನ್ನಾಗಿ ಬಂದವು, 'ಚೊಗರು' (ಅಡಿಕೆ ಬೇಯಿಸಿದ ಕಂದು ರಸ) ಎಂದಲ್ಲೆಲ್ಲ 'ಚಿಗುರು' ಎಂದು ಬರೆಯಿತು. ಆದರೂ ದಿನಕ್ಕೆ ಎಂಟು ಪುಟ ಸಾಗುತ್ತಿದೆ. ಪುಷ್ಯ ಮಳೆ ಹಿಡಿದು ಹೊರಗಿನ ಕೆಲಸ ನಿಂತಾಗ ಹನ್ನೆರಡಕ್ಕೂ ಹೋಗುತ್ತದೆ. 1974ರ ಪುಸ್ತಕ ಅರ್ಧ ಮುಗಿದಿದೆ.