ಅರೆನೆರಳು: ನೋಡುವುದು ಹೇಗೆ, ಎಲ್ಲೆಲ್ಲಿ ಹೇಳಬಹುದು

ಅರೆನೆರಳಿನ ಪಾಠವನ್ನು ನಾನು ವ್ಯಾಖ್ಯೆ ಬರೆಸಿ ಶುರು ಮಾಡುವುದಿಲ್ಲ. ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಟ್ಯೂಬ್‌ಲೈಟ್ ಹತ್ತಿರ ಕರೆಯುತ್ತೇನೆ. ನೀವೂ ಹಾಗೇ ಮಾಡಿ.

ಉದ್ದನೆಯ ಟ್ಯೂಬ್‌ಲೈಟ್ ಒಂದೇ ಉರಿಯಲಿ, ಉಳಿದ ದೀಪ ಆರಿಸಿ. ಟ್ಯೂಬಿನಿಂದ ಎರಡು ಮೀಟರ್ ದೂರದಲ್ಲಿ, ಅದಕ್ಕೆ ಮುಖ ಮಾಡಿ ಬಿಳಿ ಹಾಳೆ ಹಿಡಿಯಿರಿ. ಹಾಳೆಗೆ ನಾಲ್ಕು ಬೆರಳು ಅಂತರದಲ್ಲಿ ಪೆನ್ಸಿಲ್ ಇರಲಿ. ಟ್ಯೂಬ್ ಉದ್ದಕ್ಕೇ ಪೆನ್ಸಿಲ್ ಹಿಡಿದರೆ ಗೆರೆ ಎಳೆದಂಥ ಕಪ್ಪು ನೆರಳು. ಈಗ ಅಡ್ಡ ತಿರುಗಿಸಿ. ನೆರಳು ಹೆಚ್ಚುಕಡಿಮೆ ಮಾಯ! ಮಸುಕಾದ ಒಂದು ಪಟ್ಟಿ ಉಳಿದಿರುತ್ತದೆ ಅಷ್ಟೇ.

ಯಾಕೆ ಅಂತ ನೋಡಬೇಕಾ? ಆ ಮಸುಕಿನ ನಡುವೆ ಗುಂಡುಪಿನ್ನಿನಿಂದ ತೂತು ಮಾಡಿ, ಹಾಳೆಯ ಹಿಂದಿನಿಂದ ಕಣ್ಣಿಟ್ಟು ಟ್ಯೂಬ್ ನೋಡಿ. ನಡುವೆ ಪೆನ್ಸಿಲ್ ಅಡ್ಡ, ಎರಡೂ ಕಡೆ ಬೆಳಕು. ಪೆನ್ಸಿಲನ್ನು ಮತ್ತೆ ಟ್ಯೂಬ್ ಉದ್ದಕ್ಕೆ ತಿರುಗಿಸಿದರೆ ಇಡೀ ಟ್ಯೂಬ್ ಮರೆ. ನಿಂತ ಜಾಗದಿಂದ ದೀಪ ಪೂರ್ತಿ ಮರೆಯಾದರೆ ಪೂರ್ಣ ನೆರಳು, ಒಂದಿಷ್ಟು ಕಂಡರೆ ಅರೆನೆರಳು. ಈ ತೂತಿನ ಆಟ ದೀಪಕ್ಕೆ ಮಾತ್ರ. ಸೂರ್ಯನ ಕಡೆ ಹೀಗೆ ಕಣ್ಣಿಡಲೇಬೇಡಿ.

ಸೂರ್ಯನೂ ಒಂದು ಚುಕ್ಕಿಯಲ್ಲ, ತಟ್ಟೆ. ಹಾಗಾಗಿ ಬಿಸಿಲಿನ ನೆರಳಿಗೂ ಮಸುಕು ಅಂಚು ಇದ್ದೇ ಇರುತ್ತದೆ. ಲೆಕ್ಕ ಸುಲಭ: ಬೆಳಕು ನೇರವಾಗಿ ಬೀಳುವಾಗ ವಸ್ತುವಿಗೂ ನೆರಳಿಗೂ ಎಷ್ಟು ದೂರವೋ, ಸುಮಾರು ಅದರ 110ನೇ ಒಂದು ಪಾಲು ಅಂಚಿನ ಅಗಲ. ಒಂದು ಮೀಟರಿಗೆ 9 ಮಿಲಿಮೀಟರ್. ಒಂದು ಸೆಂಟಿಮೀಟರ್ ದಪ್ಪದ ತಂತಿಯ ಕಪ್ಪು ನೆರಳು ಸುಮಾರು 1.1 ಮೀಟರಿಗೇ ಮುಗಿದುಹೋಗುತ್ತದೆ. ತಲೆ ಮೇಲಿನ ವಿದ್ಯುತ್ ತಂತಿಯ ನೆರಳು ನೆಲದ ಮೇಲೆ ಬೂದುಬೂದಾಗಿ ಕಾಣುವುದು ಇದಕ್ಕೇ.

ಪದದ ಗೊಂದಲ ಜಾಸ್ತಿ ಆಗುವುದು ಗ್ರಹಣದಲ್ಲಿ. ಚಂದ್ರನ ಒಂದು ಭಾಗ ಭೂಮಿಯ ಪೂರ್ಣ ನೆರಳಿಗೆ ಹೊಕ್ಕರೆ ಅದು ಪಾರ್ಶ್ವ ಚಂದ್ರಗ್ರಹಣ. ಚಂದ್ರನನ್ನು ಯಾರೋ ಕಚ್ಚಿದ ಹಾಗೆ ಕಾಣುತ್ತದೆ. ಚಂದ್ರ ಅರೆನೆರಳನ್ನಷ್ಟೇ ಹಾದುಹೋದರೆ ಅರೆನೆರಳಿನ ಗ್ರಹಣ. ಇದಕ್ಕೆ ರಾತ್ರಿಯೆಲ್ಲ ಕಾಯಬೇಡಿ ಅನ್ನುತ್ತೇನೆ. ಚಂದ್ರ ಆ ನೆರಳಿನೊಳಗೆ ಆಳಕ್ಕೆ ಹೋಗದಿದ್ದರೆ ಸುಮ್ನೆ ಮಾಮೂಲಿ ಹುಣ್ಣಿಮೆ, ಅಲ್ವಾ ಅನಿಸುತ್ತದೆ. ಸೂರ್ಯಗ್ರಹಣದಲ್ಲಿ ಲೆಕ್ಕ ಬೇರೆ: ಚಂದ್ರನ ಅರೆನೆರಳಿನಲ್ಲಿ ನಿಲ್ಲುವವರು ನಾವೇ, ನಮಗೆ ಕಾಣುವುದು ಪಾರ್ಶ್ವ ಸೂರ್ಯಗ್ರಹಣ.

ಅರೆನೆರಳಿಗೆ ಪೆನಂಬ್ರಾ ಎಂಬ ಹೆಸರನ್ನು ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ಬೆಳಕಿನ ಬಗ್ಗೆ ಬರೆಯುವಾಗ ಬಳಸಿದ. ಆಮೇಲೆ ಅದು ನೆರಳೇ ಅಲ್ಲದ ಜಾಗಗಳಿಗೂ ಹೋಯಿತು. ಸೂರ್ಯನ ಕಲೆಯ ಕಪ್ಪು ನಡುವಿನ ಸುತ್ತ ಇರುವ ತಿಳಿ ಅಂಚಿಗೂ ಇದೇ ಹೆಸರು, ಅಲ್ಲಿ ಯಾವ ನೆರಳೂ ಇಲ್ಲ. ಪಾರ್ಶ್ವವಾಯು ಚಿಕಿತ್ಸೆಯಲ್ಲಿ ವೈದ್ಯರು ಪೆನಂಬ್ರಾ ಅನ್ನುವುದು ರಕ್ತ ಕಡಿಮೆಯಾಗಿ ಕೆಲಸ ನಿಲ್ಲಿಸಿದ, ಆದರೆ ಇನ್ನೂ ಸಾಯದ ಮಿದುಳಿನ ಭಾಗಕ್ಕೆ. ಬೇಗ ರಕ್ತ ಹರಿದರೆ ಅದು ಉಳಿಯಬಹುದು.

ಅರೆನೆರಳಲ್ಲಿ ಬೆಳೆಯುವ ಗಿಡ ಅನ್ನುವುದು ಮಾತ್ರ ಬೇರೆ ಮಾತು. ಅಲ್ಲಿ ದಿನದ ಸ್ವಲ್ಪ ಹೊತ್ತು ಬಿಸಿಲು, ಉಳಿದ ಹೊತ್ತು ನೆರಳು ಅಂತ ಅರ್ಥ.