ನಿಯಮದಲ್ಲಿ ಇರದಿದ್ದ ಷರತ್ತು

ಸರ್ಕಾರಿ ಇಲಾಖೆಯೊಂದರ ಸಹಾಯಧನದ ಅರ್ಜಿಗಳನ್ನು ಕಾಗದದಿಂದ ಆನ್‌ಲೈನಿಗೆ ತರುವ ತಂಡದಲ್ಲಿ ನಾನು ತಂತ್ರಾಂಶ ಬರೆಯುತ್ತಿದ್ದೆ. ಮೇಲಧಿಕಾರಿಗಳು ಕೇಳುತ್ತಿದ್ದುದು ಒಂದೇ ಅಂಕಿ, ಅರ್ಜಿ ವಿಲೇವಾರಿಗೆ ಹಿಡಿದ ದಿನಗಳು. ಅದು ಇಳಿಯುತ್ತಿತ್ತು, ನಮಗೂ ಸಮಾಧಾನವಿತ್ತು.

ಒಂದು ದಿನ ತಿರಸ್ಕೃತ ಅರ್ಜಿಗಳ ಪಟ್ಟಿ ಹಿಡಿದು ಕೌಂಟರಿನ ಪಕ್ಕದಲ್ಲಿ ಕುಳಿತೆ. ವಯಸ್ಸಾದ ಮಹಿಳೆಯೊಬ್ಬರು ತಮ್ಮ ಮೊಬೈಲನ್ನು ನನ್ನ ಮುಂದಿಟ್ಟರು. ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ವಿವರ ಹೊಂದಾಣಿಕೆಯಾಗುತ್ತಿಲ್ಲ’ ಎಂದಷ್ಟೇ ಇತ್ತು. ಎರಡು ದಾಖಲೆಗಳಲ್ಲಿ ಅವರ ಹೆಸರಿಗೆ ಒಂದಕ್ಷರದ ವ್ಯತ್ಯಾಸವಿತ್ತು. ಹಿಂದೆ ಕಡತ ನೋಡುತ್ತಿದ್ದ ಗುಮಾಸ್ತರು ಇಂಥದ್ದನ್ನು ಕಂಡ ಕೂಡಲೇ ಒಬ್ಬರದೇ ಹೆಸರೆಂದು ಒಪ್ಪಿಕೊಳ್ಳುತ್ತಿದ್ದರು. ಹೆಸರು ಅಕ್ಷರಶಃ ಹೊಂದಬೇಕೆಂಬ ಷರತ್ತು ಕಾಯ್ದೆಯಲ್ಲಿರಲಿಲ್ಲ, ನಿಯಮದಲ್ಲಿರಲಿಲ್ಲ, ಯಾವ ಸದನವೂ ಅದನ್ನು ಚರ್ಚಿಸಿರಲಿಲ್ಲ. ಕೆಲಸ ಸುಲಭವಾಗಲೆಂದು ನಾನು ಬರೆದಿದ್ದ ಒಂದು ಸಾಲು ಅದು. ಜನರು ಆರಿಸಿದವರು ಮಾಡಬೇಕಾದ ತೀರ್ಮಾನವನ್ನು ನಾನು ಅರಿವಿಲ್ಲದೆ ಮಾಡಿಬಿಟ್ಟಿದ್ದೆ.

ಇಂಥ ತಪ್ಪು ದೇಶದ ಮಟ್ಟದಲ್ಲಿ ನಡೆದಾಗ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯಾದ ‘ರೋಬೋಡೆಟ್’ ಇದೆ; ಸರ್ಕಾರಿ ಸಹಾಯಧನವನ್ನು ಹೆಚ್ಚಾಗಿ ಪಡೆದವರಿಂದ ಹಣ ವಾಪಸು ಕೇಳುವ ಸ್ವಯಂಚಾಲಿತ ವ್ಯವಸ್ಥೆ ಅದು. ಅಲ್ಲಿ ವರ್ಷದ ಆದಾಯವನ್ನು ಎರಡೆರಡು ವಾರಗಳಿಗೆ ಸಮನಾಗಿ ಹಂಚಿ, ಕೆಲವೇ ತಿಂಗಳು ದುಡಿದವರನ್ನೂ ವರ್ಷವಿಡೀ ದುಡಿದವರಂತೆ ಲೆಕ್ಕ ಹಾಕಿ, ಎಷ್ಟೋ ಜನರಿಗೆ ಇಲ್ಲದ ಬಾಕಿಯ ನೋಟಿಸು ಕಳಿಸಲಾಯಿತು. ಅದರ ಬಗ್ಗೆ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ 2023ರಲ್ಲಿ ವರದಿ ನೀಡಿತು. ನೆದರ್ಲೆಂಡ್ಸ್‌ನಲ್ಲಂತೂ ಶಿಶುಪಾಲನಾ ಸಹಾಯಧನ ಪಡೆದ ಸಾವಿರಾರು ಪೋಷಕರನ್ನು ವಂಚಕರೆಂದು ತಪ್ಪಾಗಿ ಗುರುತಿಸಿದ್ದಕ್ಕೆ 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ಹಾಗಾಗಿ ಅರ್ಜಿಯನ್ನು ತಳ್ಳಿಹಾಕುವ ಪ್ರತಿಯೊಂದು ಷರತ್ತನ್ನೂ ಕಾಗದದ ಮೇಲೆ ಬರೆದು, ಅದರೆದುರು ನಿಯಮದ ಸಂಖ್ಯೆಯನ್ನು ತುಂಬುತ್ತ ಹೋದೆ. ಸಂಖ್ಯೆ ಸಿಗದವುಗಳನ್ನು ಲಿಖಿತ ತೀರ್ಮಾನಕ್ಕೆಂದು ಇಲಾಖೆಗೆ ಕಳಿಸಿದೆ. ಚುನಾವಣಾ ಯಂತ್ರಗಳ ಕುರಿತು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ನೀಡಿದ ತೀರ್ಪು, ಮತದಾನದ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಪರಿಶೀಲಿಸುವಂತಿರಬೇಕು ಎಂದಿತ್ತು. ಸಹಾಯಧನಕ್ಕೂ ಅದೇ ಅಳತೆಗೋಲು ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈಗ ತಿರಸ್ಕಾರದ ಸಂದೇಶದಲ್ಲಿ ಯಾವ ದಾಖಲೆಯಲ್ಲಿ ಏನಿದೆ, ಯಾವ ನಿಯಮದಡಿ ಅರ್ಜಿ ನಿಂತಿದೆ, ಯಾರಿಗೆ ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು ಎಂಬುದೆಲ್ಲ ಸರಳ ಭಾಷೆಯಲ್ಲಿರುತ್ತದೆ.

ವಿಲೇವಾರಿಯ ದಿನಗಳು ಹೆಚ್ಚಾದವು; ಪರಿಶೀಲನಾ ಸಭೆಯಲ್ಲಿ ಅದಕ್ಕೆ ವಿವರಣೆ ಕೊಡಬೇಕಾಯಿತು, ಕೊಟ್ಟೆ. ಎರಡು ಷರತ್ತುಗಳ ಬಗ್ಗೆ ಇಲಾಖೆಯ ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಆ ಷರತ್ತುಗಳಿಗೆ ಸಿಕ್ಕುವ ಅರ್ಜಿಗಳನ್ನು ತಂತ್ರಾಂಶ ತಿರಸ್ಕರಿಸದೆ ಅಧಿಕಾರಿಯ ಮೇಜಿಗೆ ಕಳಿಸುತ್ತದೆ.